ಒಂದು ಲ್ಯಾಪ್‌ಟಾಪ್, ಮೂರು ಪರದೆ

ಪ್ರಶ್ನೆ: ಹಳೆಯ ಲ್ಯಾಪ್‌ಟಾಪ್‌ನಲ್ಲಿರುವ ಸಿನಿಮಾ, ಮದುವೆ ವಿಡಿಯೊಗಳನ್ನು ಟಿವಿ, ಟ್ಯಾಬ್, ಮೊಬೈಲ್‌ಗಳಲ್ಲಿ ಒಟ್ಟಿಗೇ ನೋಡಬಹುದೇ? ಡೇಟಾ ಖರ್ಚಾಗುತ್ತದೆಯೇ?

ಉತ್ತರ: ಧಾರಾಳವಾಗಿ ನೋಡಬಹುದು. ವಿಡಿಯೊ ಲ್ಯಾಪ್‌ಟಾಪ್‌ನಿಂದ ರೌಟರ್‌ಗೆ, ಅಲ್ಲಿಂದ ಟಿವಿಗೆ ಹೋಗುತ್ತದೆ. ಮನೆಯ ಹೊಸ್ತಿಲು ದಾಟುವುದೇ ಇಲ್ಲ. ಹಾಗಾಗಿ ಡೇಟಾ ಖರ್ಚಿಲ್ಲ. ಲ್ಯಾಪ್‌ಟಾಪ್‌ಗೆ ಜೆಲ್ಲಿಫಿನ್ ಎಂಬ ಉಚಿತ ತಂತ್ರಾಂಶ ಹಾಕಿ, ಸಿನಿಮಾ ಇರುವ ಫೋಲ್ಡರ್ ತೋರಿಸಿ. ಮೊಬೈಲ್ ಬ್ರೌಸರ್‌ನಲ್ಲಿ ಲ್ಯಾಪ್‌ಟಾಪಿನ ಐಪಿ ವಿಳಾಸ, ಅದರ ಕೊನೆಗೆ :8096 ಎಂದು ಟೈಪಿಸಿ ಲಾಗಿನ್ ಆದರೆ ಪೋಸ್ಟರ್‌ಗಳ ಸಾಲು ತೆರೆದುಕೊಳ್ಳುತ್ತದೆ. ಆಂಡ್ರಾಯ್ಡ್ ಟಿವಿಗೆ ಜೆಲ್ಲಿಫಿನ್‌ನದೇ ಆ್ಯಪ್ ಇದೆ.

ತೊಡಕು ಬರುವುದು ಬೇರೆ ಕಡೆ. ಫೈಲ್ ಎಚ್.265 ಎಂಬ ವಿಡಿಯೊ ಸ್ವರೂಪದಲ್ಲಿದ್ದು ಟಿವಿಗೆ ಅದನ್ನು ಓದಲು ಬಾರದಿದ್ದರೆ, ಲ್ಯಾಪ್‌ಟಾಪ್ ಅದನ್ನು ಆ ಕ್ಷಣವೇ ಎಚ್.264ಕ್ಕೆ ಬದಲಿಸುತ್ತಾ ಕಳಿಸಬೇಕು. ಇದೇ ಟ್ರಾನ್ಸ್‌ಕೋಡಿಂಗ್. ಹಳೆಯ ಪ್ರೊಸೆಸರ್ ಇಂಥ ಒಂದು ಸಿನಿಮಾಕ್ಕೇ ಏದುಸಿರು ಬಿಡುತ್ತದೆ, ಮೂರರ ಮಾತಂತೂ ಕೇಳಲೇಬೇಡಿ. ಫ್ಯಾನ್ ಕಿರುಚತೊಡಗಿ ಚಿತ್ರ ತಡವರಿಸಿದರೆ ಮೊದಲು ಇದನ್ನೇ ಅನುಮಾನಿಸಿ. ಪರಿಹಾರ ಸುಲಭ: ಅಂಥ ಫೈಲ್‌ಗಳನ್ನು ಹ್ಯಾಂಡ್‌ಬ್ರೇಕ್ ಎಂಬ ತಂತ್ರಾಂಶದಲ್ಲಿ ಮೊದಲೇ ಎಚ್.264ಕ್ಕೆ ಪರಿವರ್ತಿಸಿಡಿ. ರಾತ್ರಿ ಹಾಕಿ ಮಲಗಿದರಾಯಿತು. ಫೈಲನ್ನು ಇದ್ದ ಹಾಗೇ ಕಳಿಸುವುದಕ್ಕೆ ಹಳೇ ಲ್ಯಾಪ್‌ಟಾಪೂ ಸಾಕು.

ಲ್ಯಾಪ್‌ಟಾಪನ್ನು ವೈಫೈ ಬದಲು ಕೇಬಲ್‌ನಲ್ಲೇ ರೌಟರ್‌ಗೆ ಜೋಡಿಸಿ. ಸ್ಲೀಪ್ ಸೆಟ್ಟಿಂಗ್ ತೆಗೆದುಹಾಕಿ. ಇಲ್ಲವಾದರೆ ಸಿನಿಮಾ ನಡುವೆ ಲ್ಯಾಪ್‌ಟಾಪೇ ಮಲಗಿಬಿಟ್ಟೀತು.