ನಿರ್ಧಾರ ನಿಮ್ಮದೇ ಆಗಿರಲಿ

'ಈ ವಾರದೊಳಗೆ ತಪಾಸಣೆ ಮಾಡಿಸಿಕೊಂಡರೆ ಅರ್ಧ ದರ.' ಇಂಥ ಜಾಹೀರಾತು ಕಂಡೊಡನೆ ಇಲ್ಲದ ಕಾಯಿಲೆಯೂ ಇದೆಯೇನೋ ಎನಿಸತೊಡಗುತ್ತದೆ. ಮನಸ್ಸು ಹೀಗೇಕೆ ವಾಲುತ್ತದೆ? ಇದನ್ನು ವಿವರಿಸುವ ಮೂರು ಜನಪ್ರಿಯ ಪುಸ್ತಕಗಳಿವೆ. ಮೂರೂ ಒಂದೇ ಮಾತು ಹೇಳುವುದಿಲ್ಲ.

ಅಮೆರಿಕದ ಮನಶ್ಶಾಸ್ತ್ರಜ್ಞ ರಾಬರ್ಟ್ ಚಾಲ್ಡೀನಿ 1984ರಲ್ಲಿ ಪ್ರಕಟಿಸಿದ 'ಇನ್‌ಫ್ಲುಯೆನ್ಸ್', ನಮ್ಮನ್ನು ಒಪ್ಪಿಸಲು ಬರುವವರ ತಂತ್ರಗಳನ್ನು ಬಿಡಿಸಿ ಹೇಳುತ್ತದೆ. ಮಾರಾಟಗಾರರ ತರಬೇತಿಗೆ ಗುಟ್ಟಾಗಿ ಸೇರಿ ಕಲಿತ ಲೇಖಕರು ಆರು ಸೂತ್ರಗಳನ್ನು ಗುರುತಿಸಿದರು: ಪಡೆದದ್ದರ ಋಣ, ಕೊಟ್ಟ ಮಾತಿನ ಹಂಗು, ನಾಲ್ಕು ಜನರ ನಡೆ, ಇಷ್ಟವಾದವರ ಮಾತು, ಬಲ್ಲವರ ಅಧಿಕಾರ, ಕೈತಪ್ಪೀತೆಂಬ ಆತಂಕ. ಮೇಲಿನ ಜಾಹೀರಾತು ಕೊನೆಯದಕ್ಕೆ ಉದಾಹರಣೆ.

ಯಾರೂ ಒತ್ತಾಯಿಸದಿದ್ದರೂ ಮನಸ್ಸು ತಾನೇ ಎಡವುತ್ತದೆ ಎನ್ನುತ್ತದೆ ಡೇನಿಯಲ್ ಕಾಹ್ನೆಮನ್‌ರ 'ಥಿಂಕಿಂಗ್, ಫಾಸ್ಟ್ ಅಂಡ್ ಸ್ಲೋ' (2011). ಅದರಲ್ಲಿ ಬರುವ ಒಂದು ಅಧ್ಯಯನ ನೋಡಿ. ಶ್ವಾಸಕೋಶದ ಕ್ಯಾನ್ಸರಿಗೆ ಶಸ್ತ್ರಚಿಕಿತ್ಸೆಯೋ ವಿಕಿರಣ ಚಿಕಿತ್ಸೆಯೋ ಎಂದು ವೈದ್ಯರನ್ನೇ ಕೇಳಲಾಯಿತು. 'ಶಸ್ತ್ರಚಿಕಿತ್ಸೆಯ ನಂತರ ಮೊದಲ ತಿಂಗಳು ಶೇ. 90 ರೋಗಿಗಳು ಬದುಕುಳಿಯುತ್ತಾರೆ' ಎಂದಾಗ ಶೇ. 84 ವೈದ್ಯರು ಅದನ್ನೇ ಆರಿಸಿದರು. 'ಶೇ. 10 ಮಂದಿ ಸಾಯುತ್ತಾರೆ' ಎಂದಾಗ ಆರಿಸಿದವರು ಶೇ. 50 ಮಾತ್ರ. ಲೆಕ್ಕ ಒಂದೇ, ಹೇಳಿದ ರೀತಿ ಬೇರೆ. ಆದರೆ ಈ ಪುಸ್ತಕದ ಎಲ್ಲವೂ ಗಟ್ಟಿಯಲ್ಲ. ಸಣ್ಣ ಸೂಚನೆಗಳು ನಮಗರಿವಿಲ್ಲದೆ ನಡತೆಯನ್ನು ಬದಲಿಸುತ್ತವೆ ಎಂಬ ಅಧ್ಯಾಯದಲ್ಲಿ ದುರ್ಬಲ ಪ್ರಯೋಗಗಳನ್ನು ನೆಚ್ಚಿಕೊಂಡೆನೆಂದು ಲೇಖಕರೇ 2017ರಲ್ಲಿ ಒಪ್ಪಿಕೊಂಡರು.

ರಿಚರ್ಡ್ ಥೇಲರ್ ಮತ್ತು ಕ್ಯಾಸ್ ಸನ್‌ಸ್ಟೀನ್‌ರ 'ನಡ್ಜ್' (2008) ಇನ್ನೊಂದು ದಾರಿ ಹಿಡಿಯುತ್ತದೆ. ಮನಸ್ಸನ್ನು ತಿದ್ದುವುದಕ್ಕಿಂತ ಸುತ್ತಲಿನ ಏರ್ಪಾಡನ್ನು ಬದಲಿಸುವುದು ಸುಲಭ ಎಂಬುದು ಅದರ ವಾದ. ಹಣ್ಣಿನ ಬುಟ್ಟಿ ಮೇಜಿನ ಮೇಲಿರಲಿ, ಕುರುಕಲು ತಿಂಡಿಯ ಡಬ್ಬಿ ಅಟ್ಟಕ್ಕೇರಲಿ.

ರೋಗಿಗೆ ಇವುಗಳಿಂದೇನು ಲಾಭ? ಎದೆನೋವು, ಪಾರ್ಶ್ವವಾಯುವಿನಂಥ ತುರ್ತು ಸಂದರ್ಭಗಳಲ್ಲಿ ಯೋಚಿಸುತ್ತ ಕೂರಬಾರದು; ಕೂಡಲೇ ಆಸ್ಪತ್ರೆ ಸೇರಬೇಕು. ಅವಸರವಿಲ್ಲದ ಚಿಕಿತ್ಸೆಯಾದರೆ ಈ ಕ್ರಮ ಅನುಸರಿಸಿ:

* ನೂರರಲ್ಲಿ ಎಷ್ಟು ಮಂದಿಗೆ ಗುಣವಾಗುತ್ತದೆ, ಎಷ್ಟು ಮಂದಿಗೆ ಇಲ್ಲ? ಎರಡನ್ನೂ ಕೇಳಿ.

* ಮಾಡಿಸಿಕೊಳ್ಳದಿದ್ದರೆ ಏನಾಗುತ್ತದೆಂದು ವಿಚಾರಿಸಿ.

* 'ಎಲ್ಲರೂ ಮಾಡಿಸಿಕೊಳ್ಳುತ್ತಿದ್ದಾರೆ', 'ಇಂದೇ ಕೊನೆ' ಎಂಬುವು ವೈದ್ಯಕೀಯ ಕಾರಣಗಳಲ್ಲ.

* ಮನೆಯವರೊಡನೆ ಚರ್ಚಿಸಲು ಒಂದು ದಿನ ಕೇಳಿ. ಅಗತ್ಯವೆನಿಸಿದರೆ ಇನ್ನೊಬ್ಬ ವೈದ್ಯರ ಅಭಿಪ್ರಾಯ ಪಡೆಯಿರಿ.

ಪ್ರಶ್ನೆ ಕೇಳುವುದು ಅಪನಂಬಿಕೆಯಲ್ಲ. ತಿಳಿದು ಒಪ್ಪಿಕೊಂಡ ಚಿಕಿತ್ಸೆಯನ್ನು ರೋಗಿ ಅರ್ಧಕ್ಕೆ ಬಿಡುವ ಸಂಭವವೂ ಕಡಿಮೆ.