ಬಲೆ ಹೆಣೆಯದ ಬೇಟೆಗಾರ: ನೆಗೆಯುವ ಜೇಡದ ಸುತ್ತ ನಂಬಿಕೆ, ನಿಜ

ಟ್ಯೂಬ್‌ಲೈಟಿನ ಪಕ್ಕದಲ್ಲೋ ಕಿಟಕಿಯ ಚೌಕಟ್ಟಿನಲ್ಲೋ ಕೂತಿದ್ದು, ಹತ್ತಿರ ಹೋದರೆ ಗಿರಕ್ಕನೆ ತಿರುಗಿ ದಿಟ್ಟಿಸುವ ಪುಟ್ಟ ಜೇಡವೇ ನೆಗೆಯುವ ಜೇಡ. ಸಾಲ್ಟಿಸಿಡೆ ಎಂಬ ಇದರ ಕುಟುಂಬದಲ್ಲಿ 6,000ಕ್ಕೂ ಹೆಚ್ಚು ಪ್ರಭೇದಗಳಿವೆ. ಅದರ ಮೇಲಿರುವ ಆರೋಪಗಳೂ ಕಡಿಮೆಯೇನಿಲ್ಲ.

ನಂಬಿಕೆ: ಮೂಲೆಯ ಜೇಡರಬಲೆ ಇದರದ್ದೇ.

ನಿಜ: ಆ ಬಲೆ ಹೆಚ್ಚಾಗಿ ಕೂದಲೆಳೆಯಂಥ ನೀಳಕಾಲಿನ ಬೇರೆ ಜೇಡದ್ದು. ನೆಗೆಯುವ ಜೇಡ ಕಣ್ಣನ್ನೇ ನಂಬಿ ಬೇಟೆಯಾಡುತ್ತದೆ. ನೆಗೆಯುವ ಮುನ್ನ ಗೋಡೆಗೆ ಒಂದು ಎಳೆ ಅಂಟಿಸಿಕೊಳ್ಳುತ್ತದೆ; ಗುರಿ ತಪ್ಪಿದರೆ ಅದೇ ಆಸರೆ. ವಿಶ್ರಾಂತಿಗೆ, ಮೊಟ್ಟೆಯಿಡಲು ಸಂದಿಗಳಲ್ಲಿ ನೂಲಿನ ಗೂಡು ಮಾಡಿಕೊಳ್ಳುತ್ತದೆ.

ನಂಬಿಕೆ: ಮೈಬಣ್ಣ ನೋಡಿದರೆ ಗುರುತು ಸಿಗುತ್ತದೆ.

ನಿಜ: ಮೊದಲು ನೋಡಬೇಕಾದ್ದು ಕಣ್ಣು. ಎಂಟರಲ್ಲಿ ಮುಖದ ನಡುವಿನ ಎರಡು, ಕಾರಿನ ಹೆಡ್‌ಲೈಟುಗಳಂತೆ ಎದ್ದು ಕಾಣುತ್ತವೆ. ಬಣ್ಣವಂತೂ ಗಂಡು–ಹೆಣ್ಣಿಗೇ ಬೇರೆ. ಮನೆಗಳಲ್ಲಿ ಸಾಮಾನ್ಯವಾದ ಪ್ಲೆಕ್ಸಿಪಸ್ ಪೇಕುಲ್ಲಿಯ ಗಂಡಿಗೆ ಕಪ್ಪು ಮೈ, ನಡುವೆ ಅಗಲವಾದ ಬಿಳಿ ಪಟ್ಟೆ. ಹೆಣ್ಣು ಮಾಸಲು ಕಂದು. ಇವೆರಡನ್ನೂ ಬೇರೆ ಬೇರೆ ಜಾತಿಯೆಂದೇ ಎಣಿಸುವವರಿದ್ದಾರೆ. ಹೊರಗೋಡೆಗೆ ಒತ್ತಿಕೊಂಡಿರುವ ಬೂದುಬಣ್ಣದ ಚಪ್ಪಟೆ ಜೇಡವಾದರೆ ಅದು ಬಹುಶಃ ಮೆನೆಮೆರಸ್ ಬೈವಿಟ್ಟೇಟಸ್.

ನಂಬಿಕೆ: ಇರುವೆಯಂತೆ ಕಂಡರೆ ಇರುವೆಯೇ.

ನಿಜ: ಮಲೆನಾಡಿನವರು ಚಟ್ನಿ ಮಾಡುವ ಚಗಳಿ ಇರುವೆಯ ವೇಷ ಹಾಕುವ ನೆಗೆಯುವ ಜೇಡವೂ ಇದೆ. ಮುಂಗಾಲೆರಡನ್ನು ಎತ್ತಿ ಇರುವೆಯ ಮೀಸೆಯಂತೆ ಆಡಿಸುತ್ತದೆ. ಕಾಲು ಎಣಿಸಿದರೆ ಗುಟ್ಟು ರಟ್ಟು: ಇರುವೆಗೆ ಆರು, ಇದಕ್ಕೆ ಎಂಟು.

ನಂಬಿಕೆ: ಮೈಮೇಲೆ ಜೇಡ ಹರಿದರೆ ಗುಳ್ಳೆ ಏಳುತ್ತವೆ.

ನಿಜ: ಜೇಡ ಬರಿದೇ ಹರಿದಾಡಿದರೆ ಗುಳ್ಳೆ ಏಳುವುದಿಲ್ಲ. ಮಳೆಗಾಲದಲ್ಲಿ ರಾತ್ರಿ ಮಲಗೆದ್ದವರ ಕತ್ತಿನ ಮೇಲೆ ಕಾಣುವ ಉರಿಯುವ ಕೆಂಪು ಬರೆಗೆ ಎಷ್ಟೋ ಸಲ ಕಾರಣ, ದೀಪಕ್ಕೆ ಬರುವ ಪೇಡರಸ್ ಎಂಬ ಕಿತ್ತಳೆ–ಕಪ್ಪು ಬಣ್ಣದ ಸಣ್ಣ ಕೀಟ. ಅದು ಕಚ್ಚುವುದಿಲ್ಲ. ಕೈಯಿಂದ ಉಜ್ಜಿ ಹೊಸಕಿದಾಗ ಅದರ ಮೈಯೊಳಗಿನ ಪೆಡೆರಿನ್ ಚರ್ಮಕ್ಕೆ ತಾಗಿ ಒಂದೆರಡು ದಿನದಲ್ಲಿ ಗುಳ್ಳೆ ಬರುತ್ತದೆ. ಅದನ್ನು ಹೊಸಕದೆ ಊದಿ ಹಾರಿಸಿ, ಆ ಜಾಗವನ್ನು ಸೋಪಿನಿಂದ ತೊಳೆಯುವುದು ಸರಿಯಾದ ಕ್ರಮ.

ನಂಬಿಕೆ: ಕಚ್ಚಿದರೆ ಪ್ರಾಣಕ್ಕೇ ಅಪಾಯ.

ನಿಜ: ಈ ಭಯಕ್ಕೆ ಇಮೇಲ್ ಕೂಡ ಗಾಳಿ ಹಾಕಿದೆ. ಶೌಚಾಲಯದ ಸೀಟಿನಡಿ ಅವಿತ ಜೇಡ ಕಚ್ಚಿ ಜನ ಸತ್ತರೆಂಬ ಸುಳ್ಳು ಸುದ್ದಿ 1999ರಲ್ಲಿ ಹರಡಿತು. ಆಗ ಅದರಲ್ಲಿದ್ದ ಜೇಡದ ಹೆಸರೇ ಕಟ್ಟುಕತೆ. 2002ರಲ್ಲಿ ಅದೇ ಕತೆ ಮರಳಿ ಬಂದಾಗ ನಿಜವಾದ ಹೆಸರೊಂದು ಅಂಟಿಕೊಂಡಿತ್ತು: ಟೆಲಮೋನಿಯಾ ಡಿಮಿಡಿಯಾಟ. ಭಾರತದಲ್ಲೂ ಇರುವ ಈ ನೆಗೆಯುವ ಜೇಡ ಬದುಕುವುದು ಗಿಡಮರಗಳ ಎಲೆಗಳ ಮೇಲೆ. ಅದರ ವಿಷ ಮನುಷ್ಯರಿಗೆ ಅಪಾಯಕಾರಿಯಲ್ಲ.