ಚೆಂಡಿನ ವೇಗಕ್ಕೆ ಕಾಲು ಸಾಟಿಯಲ್ಲ

ದೊಡ್ಡ ಪಂದ್ಯಗಳ ಫುಟ್‌ಬಾಲ್ ಮೈದಾನ ಸಾಮಾನ್ಯವಾಗಿ 105 ಮೀಟರ್ ಉದ್ದ, 68 ಮೀಟರ್ ಅಗಲ. ಗೋಲ್‌ಕೀಪರ್ ಬಿಟ್ಟು ಉಳಿದ ಹತ್ತು ಮಂದಿ ಇಷ್ಟೂ ಜಾಗ ಕಾಯುವುದು ಆಗದ ಮಾತು. ಅದಕ್ಕೇ ಚೆಂಡು ಎಡಕ್ಕೆ ಹೋದರೆ ರಕ್ಷಣೆಗೆ ನಿಂತವರೂ ಒಟ್ಟಾಗಿ ಅತ್ತ ಸರಿಯುತ್ತಾರೆ; ಬಲಬದಿ ಖಾಲಿ ಬೀಳುತ್ತದೆ. ಆ ಖಾಲಿ ಬದಿಗೆ ಚೆಂಡನ್ನು ಬೇಗ ದಾಟಿಸುವುದಕ್ಕೆ ಆಟಗಾರರು ‘ಸ್ವಿಚ್’ ಎನ್ನುತ್ತಾರೆ.

ಇದು ಫಲ ಕೊಡುವುದು ಏಕೆಂದು ಸರಳ ಲೆಕ್ಕವೇ ಹೇಳುತ್ತದೆ. ಬದಿಯಿಂದ ಬದಿಗೆ 40 ಮೀಟರ್ ದೂರದ ಪಾಸ್ ಎಂದುಕೊಳ್ಳಿ. ತಗ್ಗಿನಲ್ಲಿ, ಬಿರುಸಾಗಿ ಒದ್ದ ಚೆಂಡು ಸುಮಾರು ಎರಡು ಸೆಕೆಂಡಿನಲ್ಲಿ ಆಚೆ ತಲುಪುತ್ತದೆ. ಅತ್ತ ಧಾವಿಸುವ ಡಿಫೆಂಡರ್ 20 ಮೀಟರ್ ಓಡಬೇಕಿದ್ದರೂ, ನಿಂತಲ್ಲಿಂದ ಹೊರಟರೆ ಮೂರು ಸೆಕೆಂಡು ಬೇಕು. ಚೆಂಡು ಎತ್ತ ಹೊರಟಿತೆಂದು ಕಣ್ಣು ಕಂಡು ಕಾಲು ಕದಲಲು ಇನ್ನೂ ಒಂದಿಷ್ಟು ಹೊತ್ತು. ಅಂದರೆ ಆಚೆ ಬದಿಯಲ್ಲಿ ಕಾದಿರುವ ವಿಂಗರ್‌ಗೆ ಒಂದು ಸೆಕೆಂಡಿಗೂ ತುಸು ಹೆಚ್ಚು ಬಿಡುವು ಸಿಗುತ್ತದೆ. ಚೆಂಡನ್ನು ಹಿಡಿತಕ್ಕೆ ತಂದು ತಲೆ ಎತ್ತಿ ನೋಡಲು ಅಷ್ಟು ಸಾಕು. ಅದೇ ಪಾಸನ್ನು ಆಕಾಶಕ್ಕೆ ಎತ್ತಿ ಹೊಡೆದರೆ ಚೆಂಡು ಗಾಳಿಯಲ್ಲೇ ಮೂರು ಸೆಕೆಂಡು ಕಳೆಯುತ್ತದೆ. ಗಳಿಸಿದ ಬಿಡುವಿನ ಬಹುಪಾಲು ಅಲ್ಲೇ ಕರಗುತ್ತದೆ.

ಆದರೆ ಎದುರಾಳಿಗಳು ಒಂದು ಬದಿಗೆ ವಾಲದೇ ಇದ್ದರೆ ಎಂಥ ಪಾಸೂ ವ್ಯರ್ಥ. ಬಾರ್ಸಿಲೋನಾ ತಂಡವನ್ನು 2008ರಿಂದ 2012ರವರೆಗೆ ಪಳಗಿಸಿದ ಪೆಪ್ ಗಾರ್ಡಿಯೋಲಾ ಅವರ ಆಟದ ಗುಟ್ಟು ಇಲ್ಲಿದೆ: ಒಂದು ಬದಿಯಲ್ಲಿ ಹೆಚ್ಚು ಆಟಗಾರರನ್ನು ಕೂಡಿಸಿ, ಚಿಕ್ಕ ಚಿಕ್ಕ ಪಾಸ್‌ಗಳಿಂದ ಎದುರಾಳಿಗಳನ್ನು ಅತ್ತ ಸೆಳೆದು, ಇನ್ನೊಂದು ಬದಿಯಿಂದ ನುಗ್ಗುವುದು. ಮೊದಲು ಸೆಳೆತ, ಆಮೇಲೆ ಸ್ವಿಚ್.

ಖಾಲಿ ಜಾಗ ಕಾಣುವುದು ಹೇಗೆ? ನಾರ್ವೆಯ ಸಂಶೋಧಕ ಗೇರ್ ಯೋರ್ಡೆಟ್ ಇಂಗ್ಲೆಂಡಿನ ಪ್ರೀಮಿಯರ್ ಲೀಗ್ ಆಟಗಾರರ ವಿಡಿಯೊಗಳನ್ನು ಇಟ್ಟುಕೊಂಡು, ಚೆಂಡು ಬರುವ ಮುನ್ನ ಅವರು ಎಷ್ಟು ಸಲ ಅತ್ತಿತ್ತ ನೋಡುತ್ತಾರೆಂದು ಎಣಿಸಿದರು. ಹೆಚ್ಚು ಸಲ ನೋಡಿದವರ ಪಾಸ್‌ಗಳು ಹೆಚ್ಚು ಗುರಿ ಮುಟ್ಟುತ್ತಿದ್ದವು. ಈ ಎಣಿಕೆಯಲ್ಲಿ ಮುಂಚೂಣಿಯಲ್ಲಿದ್ದ ಫ್ರಾಂಕ್ ಲ್ಯಾಂಪಾರ್ಡ್ ಎರಡು ಸೆಕೆಂಡಿಗೆ ಒಂದಕ್ಕಿಂತ ಹೆಚ್ಚು ಸಲ ತಲೆ ಹೊರಳಿಸುತ್ತಿದ್ದರು. ಚೆಂಡು ಕಾಲಿಗೆ ಬಂದ ಮೇಲೆ ಹುಡುಕಲು ಪುರುಸೊತ್ತಿರುವುದಿಲ್ಲ. ಉತ್ತರ ಮೊದಲೇ ಗೊತ್ತಿರಬೇಕು.

ಆದ್ದರಿಂದಲೇ ಕೋನ್‌ಗಳ ನಡುವೆ ಉದ್ದುದ್ದ ಪಾಸ್ ಹೊಡೆಸುವುದಷ್ಟೇ ತರಬೇತಿಯಲ್ಲ. ಕಾಲು ಪಳಗೀತು, ಕಣ್ಣು ಪಳಗದು. ಹಲವು ಕೋಚ್‌ಗಳು ನಾಲ್ಕು ಗೋಲಿನ ಆಟ ಆಡಿಸುತ್ತಾರೆ. ಚಿಕ್ಕ ಅಂಗಳದ ನಾಲ್ಕು ಮೂಲೆಗೂ ಒಂದೊಂದು ಪುಟ್ಟ ಗೋಲು, ತಂಡಕ್ಕೆ ನಾಲ್ವರು. ಪ್ರತಿ ತಂಡಕ್ಕೆ ಗೋಲು ಹೊಡೆಯಲು ಎರಡು, ಕಾಯಲು ಎರಡು. ಒಂದು ಗೋಲಿನ ಮುಂದೆ ಎದುರಾಳಿಗಳು ಮುತ್ತಿದರೆ ಇನ್ನೊಂದು ತೆರೆದಿರುತ್ತದೆ. ಕೋಚ್ ‘ತಿರುಗಿಸು’ ಎಂದು ಕೂಗಬೇಕಾಗಿಲ್ಲ, ಆಟವೇ ಪಾಠ ಹೇಳುತ್ತದೆ.

ಕೋಚ್ ತಿದ್ದಬೇಕಾದದ್ದು ನಡುವಿನ ಆಟಗಾರನನ್ನು. ಎಡದಿಂದ ಬರುವ ಚೆಂಡಿಗೆ ಎದೆಗೊಟ್ಟು ನಿಂತವನಿಗೆ ಬಲಬದಿ ಕಾಣದು. ಓರೆಯಾಗಿ ನಿಂತು, ಚೆಂಡು ಎಡಗಾಲನ್ನು ದಾಟಲು ಬಿಟ್ಟು, ಬಲಗಾಲಿನಿಂದ ತಡೆದರೆ ಮೊದಲ ಸ್ಪರ್ಶದಲ್ಲೇ ಚೆಂಡು ಬಲಕ್ಕೆ ಹೊರಳಿರುತ್ತದೆ. ಎದೆಗೊಟ್ಟು ನಿಂತವನು ತಡೆದು, ತಿರುಗಿ, ಆಮೇಲೆ ಹೊಡೆಯಬೇಕು. ಆ ಒಂದು ಸೆಕೆಂಡಿನ ಬಿಡುವು ಅಷ್ಟರಲ್ಲಿ ಮುಗಿದಿರುತ್ತದೆ. ಅರೆಬರೆ ಬಲದ ಪಾಸ್ ಇನ್ನೂ ಅಪಾಯ: ನಡುದಾರಿಯಲ್ಲಿ ಎದುರಾಳಿಯ ಕಾಲಿಗೆ ಸಿಕ್ಕರೆ ಇಡೀ ತಂಡ ಬಯಲಾಗುತ್ತದೆ.

ಮಕ್ಕಳಿಗೆ ಫುಟ್‌ಬಾಲ್ ಕಲಿಸುವವರು ಮುಂದಿನ ಪಂದ್ಯದಲ್ಲಿ ಗೋಲುಗಳ ಜೊತೆಗೆ ಇದನ್ನೂ ಲೆಕ್ಕವಿಡಲಿ: ಚೆಂಡು ಬರುವ ಮುನ್ನ ಹುಡುಗರು ಎಷ್ಟು ಸಲ ಆಚೆ ಬದಿಗೆ ಕಣ್ಣು ಹಾಯಿಸಿದರು? ಆ ಸಂಖ್ಯೆ ಏರಿದರೆ ತರಬೇತಿ ಸರಿಯಾದ ದಾರಿಯಲ್ಲಿದೆ ಎಂದೇ ಅರ್ಥ.